ಮನೆಯೊಳಗೊಂದು ಕಾಕ್‌ಪಿಟ್: ಕಣ್ಣು, ಕಿವಿ ಮತ್ತು ಕೃತಕ ಹಾರಾಟದ ಕಥೆ

(ಕೂಟದ ಉಪನ್ಯಾಸಮಾಲೆಯಲ್ಲಿ ನೀಡಿದ ಅತಿಥಿ ಭಾಷಣದ ಬರಹರೂಪ)



ವೈದ್ಯನೊಬ್ಬನನ್ನು ಮಾತನಾಡಲು ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗೆಗೆ ನಾಲ್ಕು ಮಾತು ಹೇಳಿಯಾನು ಎಂದು ನಿರೀಕ್ಷಿಸುವುದು ಸಹಜ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಸಮಾರಂಭಗಳ ಊಟದ ಸಾಲಿನಲ್ಲಿ ತಂದೆತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಬೇರೆಯೇ ಆಗಿದೆ. "ಡಾಕ್ಟ್ರೇ, ಮಗ ಪೈಲಟ್ ಆಗ್ತೀನಿ ಅಂತಿದಾನೆ. ಮನೇಲೇ ಸಿಮ್ಯುಲೇಟರ್ ಕಟ್ಟಬೇಕಂತೆ. ಯಾವ ಗ್ರಾಫಿಕ್ಸ್ ಕಾರ್ಡ್ ಕೊಡಿಸೋದು?" ಈ ಹವ್ಯಾಸವು ನನ್ನ ಮನೆಯಲ್ಲಿಯೂ ಒಂದು ಕೋಣೆಯನ್ನು ಆಕ್ರಮಿಸಿಕೊಂಡಿದೆ ಎಂಬ ಸುದ್ದಿ ಹೇಗೋ ಹರಡಿಬಿಟ್ಟಿದೆ. ಪ್ರಶ್ನೆಗೆ ಉತ್ತರವನ್ನು ಹೇಳಿಯೇ ಹೇಳುತ್ತೇನೆ. ಆದರೆ ಚಿತ್ರವನ್ನು ತೋರಿಸುವ ಆ ಕಾರ್ಡು ಈ ಕಥೆಯಲ್ಲಿ ತೀರ ಕೊನೆಗೆ ಬಂದ ಪಾತ್ರ. ಅದಕ್ಕಿಂತ ಮೊದಲು ಬಂದವರನ್ನು ಪರಿಚಯಿಸಿಕೊಳ್ಳದೆ ಅದಕ್ಕೆ ಎಷ್ಟು ಹಣ ಸುರಿಯಬೇಕೆಂದು ನಿರ್ಧರಿಸಲಾಗದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನ ತಂದೆ ಪಿಯಾನೋ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ನಡೆಸುತ್ತಿದ್ದರು. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಮ್ಮಿನ ದೊಡ್ಡಣ್ಣ. ತಿದಿಯೊತ್ತಿ ಗಾಳಿಯಿಂದ ನುಡಿಸುವ ವಾದ್ಯ. ವಿಮಾನ ಹಾರಿಸುವ ಹುಚ್ಚಿದ್ದ ಲಿಂಕ್‌ಗೆ ಪಾಠದ ಶುಲ್ಕ ದುಬಾರಿಯೆನಿಸಿತು. 1929ರಲ್ಲಿ ಆತ ಅದೇ ತಿದಿಗಳನ್ನು ಬಳಸಿ, ಮರದ ಪುಟ್ಟ ವಿಮಾನವೊಂದನ್ನು ನೆಲದ ಮೇಲೆಯೇ ವಾಲಿಸುವ, ತಿರುಗಿಸುವ, ಮೂತಿಯೆತ್ತಿಸುವ ಯಂತ್ರವನ್ನು ನಿರ್ಮಿಸಿದ. ವೈಮಾನಿಕ ಶಾಲೆಗಳು ಅದನ್ನು ಆಟಿಕೆಯೆಂದು ತಳ್ಳಿಹಾಕಿದವು. ಹಾಗಾಗಿ ಮೊದಲ ಕೆಲವು ಯಂತ್ರಗಳು ಮಾರಾಟವಾದದ್ದು ಮನರಂಜನಾ ಉದ್ಯಾನಗಳಿಗೆ. ಇಂದು ನಾವು ಮಕ್ಕಳಿಗೆ "ಇದು ಬರೀ ಆಟ" ಎಂದು ಗದರುವಾಗ ಈ ಸಂಗತಿಯನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ಆಟಿಕೆಯು ಅಗತ್ಯವಸ್ತುವಾದದ್ದು 1934ರಲ್ಲಿ, ಸಾವುಗಳ ಮೂಲಕ. ಆ ವರ್ಷದ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ವಿಮಾನ-ಅಂಚೆಯ ಗುತ್ತಿಗೆಗಳನ್ನು ರದ್ದುಪಡಿಸಿ ಆ ಕೆಲಸವನ್ನು ಸೈನ್ಯಕ್ಕೆ ವಹಿಸಿದರು. ಹಗಲು ಬೆಳಕಿನಲ್ಲಿ, ನಿರ್ಮಲ ಆಕಾಶದಲ್ಲಿ ಹಾರಿ ಅಭ್ಯಾಸವಿದ್ದ ಸೈನ್ಯದ ಚಾಲಕರು ಚಳಿಗಾಲದ ಮಂಜಿನಲ್ಲಿ, ರಾತ್ರಿಯಲ್ಲಿ ಹಾರಬೇಕಾಯಿತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಮಡಿದರು. ಆಗ ಸೈನ್ಯದ ಅಧಿಕಾರಿಗಳಿಗೆ ಲಿಂಕ್‌ನ ನೆನಪಾಯಿತು. ಭೇಟಿಯ ದಿನ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿತ್ತು, ಆತ ಬರಲಾರನೆಂದು ಅಧಿಕಾರಿಗಳು ಹೊರಡಲು ಸಿದ್ಧರಾಗಿದ್ದರು. ಅಷ್ಟರಲ್ಲಿ ಮೋಡದೊಳಗಿಂದ ಲಿಂಕ್‌ನ ವಿಮಾನ ಇಳಿದು ಬಂದಿತು. ಆತ ತನ್ನದೇ ಯಂತ್ರದಲ್ಲಿ ಮಾಪಕಗಳನ್ನು ನಂಬಿ ಹಾರುವುದನ್ನು ಅಭ್ಯಾಸ ಮಾಡಿದ್ದ. ಸೈನ್ಯವು ತಲಾ 3,500 ಡಾಲರ್ ಬೆಲೆಗೆ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಂತಹ ಸುಮಾರು 10,000 ಯಂತ್ರಗಳು ತಯಾರಾಗಿದ್ದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ನೀಲಿ ಪೆಟ್ಟಿಗೆಯಲ್ಲಿ ಚಿತ್ರವೆಂಬುದೇ ಇರಲಿಲ್ಲ. ವಿದ್ಯಾರ್ಥಿಯು ಒಳಗೆ ಕುಳಿತೊಡನೆ ಮೇಲಿನಿಂದ ಮುಚ್ಚಳ ಹಾಕಿ ಕತ್ತಲುಗೊಳಿಸುತ್ತಿದ್ದರು. ಕಣ್ಣ ಮುಂದೆ ಉಳಿಯುತ್ತಿದ್ದುದು ಮಾಪಕಗಳ ಮುಳ್ಳುಗಳು ಮಾತ್ರ. ಹೊರಗಿನ ದೃಶ್ಯವನ್ನು ಕಸಿದುಕೊಳ್ಳುವುದೇ ಜಗತ್ತಿನ ಮೊದಲ ಯಶಸ್ವಿ ಸಿಮ್ಯುಲೇಟರಿನ ಉದ್ದೇಶವಾಗಿತ್ತು.

ಏಕೆಂಬುದನ್ನು ತಿಳಿಯಲು ಒಳಕಿವಿಯ ರಚನೆಯನ್ನು ಸ್ವಲ್ಪ ನೋಡಬೇಕು. ಇಷ್ಟು ಹೊತ್ತಿಗೆ ವೈದ್ಯನಿಗೂ ಒಂದು ಅವಕಾಶ ಸಿಕ್ಕಂತಾಯಿತು. ಪ್ರತಿಯೊಂದು ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಲು ಆರಂಭಿಸಿದಾಗ ನಾಳ ತಿರುಗುತ್ತದೆ, ದ್ರವ ಹಿಂದುಳಿಯುತ್ತದೆ, ಆ ವ್ಯತ್ಯಾಸವನ್ನು ನರಗಳು ಮಿದುಳಿಗೆ ತಿಳಿಸುತ್ತವೆ. ಆದರೆ ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ದ್ರವವೂ ನಾಳದೊಡನೆ ಸಮವೇಗದಲ್ಲಿ ಸುತ್ತತೊಡಗಿ, ತಿರುಗುವಿಕೆ ನಿಂತೇಹೋಯಿತೆಂದು ಕಿವಿ ವರದಿ ಮಾಡುತ್ತದೆ. ಇದರ ಪಕ್ಕದಲ್ಲಿ ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಇನ್ನೊಂದು ಅಂಗವಿದೆ. ಅದು ಗುರುತ್ವವನ್ನೂ ವೇಗೋತ್ಕರ್ಷವನ್ನೂ ಅಳೆಯುತ್ತದೆ, ಆದರೆ ಅವೆರಡರ ನಡುವೆ ಭೇದವನ್ನು ಕಾಣಲಾರದು. ತಲೆ ಹಿಂದಕ್ಕೆ ವಾಲಿದರೂ, ದೇಹವು ರಭಸದಿಂದ ಮುಂದಕ್ಕೆ ತಳ್ಳಲ್ಪಟ್ಟರೂ, ಹರಳುಗಳು ಹಿಂದಕ್ಕೇ ಜಾರುತ್ತವೆ. ನೆಲದ ಮೇಲೆ ಈ ದೋಷವನ್ನು ಕಣ್ಣು ತಿದ್ದುತ್ತದೆ. ಕತ್ತಲಲ್ಲಿ, ಸಮುದ್ರದ ಮೇಲೆ, ತಿದ್ದುವವರಾರೂ ಇಲ್ಲ.

ಕೊಲ್ಲಿಯಲ್ಲಿ ನೆಲೆಸಿರುವ ನಮಗೆ ಇದು ಪುಸ್ತಕದ ಮಾತಲ್ಲ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ಬೋಯಿಂಗ್ 747 ವಿಮಾನವು ಮೇಲೇರಿದ ಎರಡು ನಿಮಿಷಗಳೊಳಗೆ ಅರಬ್ಬೀ ಸಮುದ್ರಕ್ಕೆ ಬಿದ್ದು, ಅದರಲ್ಲಿದ್ದ 213 ಮಂದಿಯೂ ಅಸುನೀಗಿದರು. ಮುಖ್ಯ ಚಾಲಕರ ಮುಂದಿದ್ದ, ವಿಮಾನದ ವಾಲಿಕೆಯನ್ನು ತೋರಿಸುವ ಮಾಪಕ ಕೆಟ್ಟಿತ್ತು. ಹೊರಗೆ ಕಡಲು ಮತ್ತು ಆಕಾಶ ಎರಡೂ ಒಂದೇ ಕಪ್ಪು. ಅವರು ಇಲ್ಲದ ವಾಲಿಕೆಯನ್ನು ಸರಿಪಡಿಸಲು ಹೋಗಿ ವಿಮಾನವನ್ನು ಎಡಕ್ಕೆ ಮಗುಚಿದರು. ಇನ್ನೊಂದು ಘಟನೆ ನಮ್ಮ ನೆರೆಮನೆಯದು. 2000ದ ಆಗಸ್ಟ್ 23ರ ರಾತ್ರಿ ಕೈರೋದಿಂದ ಬಂದ ಗಲ್ಫ್ ಏರ್‌ನ ಏರ್‌ಬಸ್ 320 ಬಹ್ರೇನಿನಲ್ಲಿ ಇಳಿಯಲಾಗದೆ ಮತ್ತೆ ಮೇಲೇರಲು ಎಂಜಿನ್ನುಗಳಿಗೆ ಪೂರ್ಣಶಕ್ತಿ ಕೊಟ್ಟಿತು. ದೀಪಗಳ ಸಾಲು ಹಿಂದುಳಿದು ಮುಂದೆ ಕತ್ತಲ ಕಡಲು ಬಂದಾಗ, ವೇಗೋತ್ಕರ್ಷದಿಂದ ಹರಳುಗಳು ಹಿಂದೆ ಜಾರಿ, ವಿಮಾನದ ಮೂತಿ ವಿಪರೀತ ಮೇಲೆದ್ದಿದೆಯೆಂಬ ಭ್ರಮೆ ಚಾಲಕರಿಗೆ ಉಂಟಾಗಿರಬಹುದೆಂದು ತನಿಖೆ ಅಭಿಪ್ರಾಯಪಟ್ಟಿತು. ಅವರು ಮೂತಿಯನ್ನು ಕೆಳಗೆ ಒತ್ತಿದರು. 143 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಈ ಬಾರಿ ಮಾಪಕಗಳು ಸರಿಯಾಗಿಯೇ ಇದ್ದವು.

ಈ ವಿದ್ಯೆಯಲ್ಲಿ ನಮ್ಮ ಬೆಂಗಳೂರಿನ ಸ್ಥಾನ ದೊಡ್ಡದು ಎಂಬುದು ಅನೇಕ ಕನ್ನಡಿಗರಿಗೇ ತಿಳಿದಿಲ್ಲ. 1957ರಲ್ಲಿ ವಾಯುಪಡೆಯು ಅಲ್ಲಿ ವೈಮಾನಿಕ ವೈದ್ಯಕೀಯ ಶಾಲೆಯನ್ನು ತೆರೆಯಿತು. ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅದೇ. ಅಲ್ಲಿ ಮನುಷ್ಯನನ್ನು ಗರಗರನೆ ತಿರುಗಿಸುವ ದೈತ್ಯ ತೋಳಿನ ಯಂತ್ರವಿದೆ. ದಿಕ್ಕುಗೆಡುವುದು ಹೇಗಿರುತ್ತದೆಂಬುದನ್ನು ಚಾಲಕರಿಗೆ ಉದ್ದೇಶಪೂರ್ವಕವಾಗಿ ತೋರಿಸುವ ಸಿಮ್ಯುಲೇಟರ್ ಇದೆ. ಗಗನಯಾನ ಯೋಜನೆಯ ಯಾತ್ರಿಗಳ ಆಯ್ಕೆಯ ವೈದ್ಯಕೀಯ ಪರೀಕ್ಷೆಗಳು 2019ರಲ್ಲಿ ನಡೆದದ್ದೂ ಅಲ್ಲಿಯೇ. ಅದೇ ಊರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ಸಂಸ್ಥೆ ಸಿಮ್ಯುಲೇಟರುಗಳನ್ನೇ ನಿರ್ಮಿಸುತ್ತ ಬಂದಿದೆ. ತೇಜಸ್ ಯುದ್ಧವಿಮಾನವು ಸ್ವಭಾವತಃ ಅಸ್ಥಿರ. ಗಣಕಯಂತ್ರವು ಕ್ಷಣಕ್ಷಣವೂ ತಿದ್ದದಿದ್ದರೆ ಅದು ಹಾರಲಾರದು. ಆ ತಿದ್ದುಪಡಿಯ ನಿಯಮಗಳನ್ನು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ನೇತೃತ್ವದ ತಂಡ ರೂಪಿಸಿತು, ಪರೀಕ್ಷಾ ಚಾಲಕರು ಸಿಮ್ಯುಲೇಟರಿನಲ್ಲಿ ಕುಳಿತು ಅವನ್ನು ಒರೆಗೆ ಹಚ್ಚಿದರು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕದ ನೆರವು ನಿಂತುಹೋದಾಗ ಬೆಂಗಳೂರಿನ ಈ ಸಿಮ್ಯುಲೇಟರುಗಳ ಮೇಲಿನ ಭಾರ ಇನ್ನೂ ಹೆಚ್ಚಿತು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ನಿಲ್ದಾಣದಿಂದ ಮೊದಲ ತೇಜಸ್ಸನ್ನು ಮೇಲೇರಿಸಿದಾಗ, ಆ ಹಾರಾಟ ನೆಲದ ಮೇಲೆ ಅದೆಷ್ಟೋ ಸಲ ನಡೆದುಹೋಗಿತ್ತು.

ಇನ್ನು ಚಿತ್ರದ ಕಥೆ. ಯುದ್ಧಾನಂತರದ ಸಿಮ್ಯುಲೇಟರುಗಳಲ್ಲಿ ಊರು, ಹೊಲ, ಓಡುಪಥಗಳ ಪುಟ್ಟ ಮಾದರಿಯನ್ನು ಗೋಡೆಯಷ್ಟು ದೊಡ್ಡ ಹಲಗೆಯ ಮೇಲೆ ಕಟ್ಟಿ, ಅದರ ಮೇಲೆ ದೂರದರ್ಶನದ ಕ್ಯಾಮೆರಾವನ್ನು ಚಲಿಸುತ್ತಿದ್ದರು. ದಸರೆಯ ಗೊಂಬೆಗಳ ಹಿಂದೆ ನಾವು ಕಟ್ಟುವ ಪಾರ್ಕು, ಬೆಟ್ಟಗಳ ವೈಭವದ ರೂಪವೆನ್ನಬಹುದು. 1968ರಲ್ಲಿ ಡೇವಿಡ್ ಇವಾನ್ಸ್ ಮತ್ತು ಐವನ್ ಸದರ್ಲೆಂಡ್ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಸ್ಥಾಪಿಸಿದ ಕಂಪನಿಯು ಗಣಕಯಂತ್ರದಿಂದಲೇ ಚಿತ್ರ ಬಿಡಿಸುವ ಹಾದಿಯನ್ನು ಗಟ್ಟಿಗೊಳಿಸಿತು. 1970ರ ದಶಕದ ಅವರ ವ್ಯವಸ್ಥೆಯಲ್ಲಿ ಕಾಣುತ್ತಿದ್ದುದು ರಾತ್ರಿಯ ದೃಶ್ಯ ಮಾತ್ರ, ಕಪ್ಪು ಪರದೆಯ ಮೇಲೆ ಬೆಳಕಿನ ಚುಕ್ಕಿಗಳು. ವಿಮಾನಯಾನ ಸಂಸ್ಥೆಗಳಿಗೆ ಅದೇ ಸಾಕಾಯಿತು. ರಾತ್ರಿ ಇಳಿಯುವ ಚಾಲಕನಿಗೆ ನಿಜವಾಗಿಯೂ ಕಾಣುವುದು ಅಷ್ಟೇ ತಾನೆ?

ಮನೆಗೆ ಈ ವಿದ್ಯೆಯನ್ನು ತಂದವರು ಬ್ರೂಸ್ ಆರ್ಟ್ವಿಕ್. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆದ ಅವರು, ದಶಕದ ಕೊನೆಗೆ ಆಪಲ್ 2 ಗಣಕಯಂತ್ರಕ್ಕಾಗಿ ಬರಿಯ ಗೆರೆಗಳಿಂದ ನೆಲವನ್ನು ತೋರಿಸುವ ತಂತ್ರಾಂಶವನ್ನು ಹೊರತಂದರು. 1982ರಲ್ಲಿ ಅದರ ಸುಧಾರಿತ ರೂಪವೇ ಐಬಿಎಂ ಪಿಸಿಗಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಹೆಸರಿನಲ್ಲಿ ಬಂದಿತು. ಬೇರೆ ಕಂಪನಿಯ ಪಿಸಿಯೊಂದು ನಿಜಕ್ಕೂ ಐಬಿಎಂಗೆ ಸಮನೇ ಎಂದು ಪರೀಕ್ಷಿಸಲು ಆಗಿನ ಕಾಲದಲ್ಲಿ ಈ ತಂತ್ರಾಂಶವನ್ನು ಓಡಿಸಿ ನೋಡುತ್ತಿದ್ದರಂತೆ. ಅಷ್ಟರಮಟ್ಟಿಗೆ ಅದು ಯಂತ್ರವನ್ನು ಹಿಂಡುತ್ತಿತ್ತು. ಮುಂದೆ 1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡು ಮೂರು ಆಯಾಮದ ಚಿತ್ರವನ್ನು ಬಿಡಿಸುವ ಕೆಲಸವನ್ನು ಮುಖ್ಯ ಸಂಸ್ಕಾರಕದ ತಲೆಯಿಂದ ಇಳಿಸಿತು. ಅದರ ಸ್ಮೃತಿ ಕೇವಲ 4 ಮೆಗಾಬೈಟ್. ಸಾಮಾನ್ಯ ಕೆಲಸಕ್ಕೆ ಇನ್ನೊಂದು ಕಾರ್ಡು ಬೇಕಾಗುತ್ತಿತ್ತು, ಎರಡರ ನಡುವೆ ಹೊರಗಿನಿಂದ ಒಂದು ತಂತಿ. ಮರುವರ್ಷ ಬಂದ ಫ್ಲೈಟ್ ಸಿಮ್ಯುಲೇಟರ್ 98 ಇಂತಹ ಕಾರ್ಡುಗಳನ್ನು ಬಳಸಿಕೊಳ್ಳಲು ಕಲಿಯಿತು. 1999ರಲ್ಲಿ ಎನ್ವಿಡಿಯಾದ ಜಿಫೋರ್ಸ್ 256 ಬಂದಿತು. ಮರುವರ್ಷದ ಕೊನೆಗೆ ಅದೇ ಎನ್ವಿಡಿಯಾ ತ್ರೀಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಂಡುಕೊಂಡಿತು.

ನಡುವಿನ ಏಳುಬೀಳುಗಳನ್ನು ವಿವರಿಸುತ್ತ ತಮ್ಮ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. 2006ರ ಎಫ್‌ಎಸ್‌ಎಕ್ಸ್ ನಂತರ ಮೈಕ್ರೋಸಾಫ್ಟ್ 2009ರಲ್ಲಿ ತನ್ನ ತಂಡವನ್ನೇ ಮುಚ್ಚಿತು. ಅದರ ಬೀಜದಿಂದ ಲಾಕ್‌ಹೀಡ್ ಮಾರ್ಟಿನ್ ಕಂಪನಿ ಪ್ರಿಪೇರ್‌ತ್ರೀಡಿ ಬೆಳೆಸಿತು. ಇನ್ನೊಂದು ಕಡೆ ಆಸ್ಟಿನ್ ಮೇಯರ್ ಅವರ ಎಕ್ಸ್-ಪ್ಲೇನ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿಯೊಂದರ ಮೇಲಿನ ಗಾಳಿಯ ಬಲವನ್ನು ಲೆಕ್ಕಹಾಕುವ ವಿಧಾನದಿಂದ ಹೆಸರು ಗಳಿಸಿತು. ಮೈಕ್ರೋಸಾಫ್ಟ್ ಮರಳಿ ಬಂದದ್ದು 2020ರ ಆಗಸ್ಟ್ 18ರಂದು, ಉಪಗ್ರಹದ ಚಿತ್ರಗಳನ್ನು ಅಂತರಜಾಲದ ಮೂಲಕ ಹರಿಸಿ ಭೂಮಂಡಲವನ್ನೇ ತೋರಿಸುವ ತಂತ್ರಾಂಶದೊಡನೆ. ಆ ದಿನಗಳನ್ನು ಕುವೈತಿನಲ್ಲಿದ್ದ ನಾವು ಮರೆಯುವುದುಂಟೇ? ಮಾರ್ಚಿಯಲ್ಲಿ ನಿಂತ ವಿಮಾನಗಳು ಆಗಸ್ಟ್ 1ರಂದು ಭಾಗಶಃ ಹಾರತೊಡಗಿದ್ದರೂ ಭಾರತದಿಂದ ನೇರವಾಗಿ ಬರುವವರಿಗೆ ಬಾಗಿಲು ಮುಚ್ಚಿಯೇ ಇತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಅಜ್ಜಿಯ ಊರಿನ ಮೇಲೆ ಪರದೆಯಲ್ಲಿ ಹಾರಿ, ಕೆರೆ, ಗುಡ್ಡಗಳನ್ನು ಗುರುತಿಸಿದರು. ಚಿತ್ರದ ಬಗೆಗೆ ನಾನು ಕಠಿಣವಾಗಿ ಮಾತನಾಡುವೆನಾದರೂ ಆ ಸುಖವನ್ನು ಅಲ್ಲಗಳೆಯಲಾರೆ.

ಈಗ ಕೊಳ್ಳುವ ಮಾತು. ಕಾರ್ಡನ್ನು ಮೊದಲು ಆರಿಸಿ ಅದಕ್ಕೆ ತಕ್ಕ ತಂತ್ರಾಂಶ ಹುಡುಕುವುದು ಚಪ್ಪಲಿಗೆ ತಕ್ಕಂತೆ ಕಾಲು ಕೊಯ್ಯುವ ಕ್ರಮ. ಮೊದಲು ತಂತ್ರಾಂಶ, ಆಮೇಲೆ ಪರದೆ, ಆಮೇಲೆ ಕಾರ್ಡು. ಮಗ ಅಥವಾ ಮಗಳು ಮಾಪಕಗಳನ್ನು ಓದಿ ಹಾರುವುದನ್ನು ಕಲಿಯಬೇಕು, ನಿಜವಾದ ಗುಂಡಿ-ಸನ್ನೆಗಳ ಫಲಕ ಕಟ್ಟಬೇಕು, ಒಂದಕ್ಕಿಂತ ಹೆಚ್ಚು ಗಣಕಯಂತ್ರಗಳನ್ನು ಜೋಡಿಸಬೇಕು ಎಂದಾದರೆ ನನ್ನ ಒಲವು ಎಕ್ಸ್-ಪ್ಲೇನ್ 12ರ ಕಡೆಗೆ. ಊರು, ಬೆಟ್ಟ, ನದಿಗಳನ್ನು ನೋಡಿ ದಾರಿ ಹಿಡಿಯುವ ಹಾರಾಟಕ್ಕೆ ಮೈಕ್ರೋಸಾಫ್ಟ್‌ನ 2020 ಅಥವಾ 2024ರ ಆವೃತ್ತಿಗೆ ಸಾಟಿಯಿಲ್ಲ. ಆದರೆ ಮನೆಯ ಅಂತರಜಾಲ ಗಟ್ಟಿಯಾಗಿರಬೇಕು. ಆಸಕ್ತಿ ಎರಡು ತಿಂಗಳಿಗೆ ಬತ್ತೀತೋ ಎಂಬ ಅನುಮಾನವಿದ್ದವರು 1997ರಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದಿರುವ ಫ್ಲೈಟ್‌ಗಿಯರ್‌ನಿಂದ ಆರಂಭಿಸಲಿ. ಅದು ಉಚಿತ.

ಪರದೆಯ ಲೆಕ್ಕ ಸರಳ. ಸಾಧಾರಣ 1920 ಗುಣಿಸು 1080 ಚುಕ್ಕಿಗಳ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿವೆ. ಅಂತಹ ಮೂರನ್ನು ಅರ್ಧಚಂದ್ರಾಕಾರದಲ್ಲಿ ಇಟ್ಟರೆ 62 ಲಕ್ಷ. 'ಫೋರ್‌ಕೆ' ಪರದೆ ಒಂದರಲ್ಲಿಯೇ 83 ಲಕ್ಷ. ಪ್ರತಿ ಸೆಕೆಂಡಿಗೆ ಹಲವಾರು ಬಾರಿ ಇಷ್ಟನ್ನೂ ಬಣ್ಣ ಹಚ್ಚುವುದು ಕಾರ್ಡಿನ ಕೆಲಸ. ಆದರೆ ವಿಮಾನದ ಚಲನೆ, ಹವಾಮಾನ, ನಿಲ್ದಾಣದ ಇತರ ವಿಮಾನಗಳು ಇವುಗಳ ಲೆಕ್ಕವೆಲ್ಲ ಮುಖ್ಯ ಸಂಸ್ಕಾರಕದ್ದು. ದೊಡ್ಡ ನಿಲ್ದಾಣದಲ್ಲಿ ಚಿತ್ರ ಮುಗ್ಗರಿಸಿದರೆ ಹತ್ತರಲ್ಲಿ ಹಲವು ಬಾರಿ ತಪ್ಪು ಕಾರ್ಡಿನದಲ್ಲ. ಸ್ಥಳೀಯ ಸ್ಮೃತಿ ಹೆಚ್ಚಿರುವ, ಎಎಂಡಿಯ 'ಎಕ್ಸ್‌ತ್ರೀಡಿ' ಎಂಬ ಗುರುತಿನ ಸಂಸ್ಕಾರಕಗಳು ಸಿಮ್ಯುಲೇಟರಿಗೆ ವಿಶೇಷವಾಗಿ ಒಗ್ಗಿವೆ. ಹಳೆಯ ಎಫ್‌ಎಸ್‌ಎಕ್ಸ್ ಅಂತೂ 32 ಬಿಟ್‌ನ ತಂತ್ರಾಂಶ, 4 ಗಿಗಾಬೈಟ್‌ಗಿಂತ ಹೆಚ್ಚಿನ ಸ್ಮೃತಿಯನ್ನು ಬಳಸಲಾರದು. ಅದಕ್ಕಾಗಿ ಅತಿ ದುಬಾರಿ ಕಾರ್ಡು ಕೊಳ್ಳುವುದು ಬರೀ ದಂಡ.

ಕಾರ್ಡಿನಲ್ಲಿ ನೋಡಬೇಕಾದ ಮೊದಲ ಅಂಕಿ ಅದರ ಸ್ಮೃತಿ. ಇಂದಿನ ತಂತ್ರಾಂಶಗಳಿಗೆ, ಅದರಲ್ಲಿಯೂ ಮೂರು ಪರದೆ ಅಥವಾ ತಲೆಗೆ ತೊಡುವ ಕನ್ನಡಕಕ್ಕೆ, 8 ಗಿಗಾಬೈಟ್ ಬೇಗ ತುಂಬಿಹೋಗುತ್ತದೆ, 16 ಇದ್ದರೆ ನಿರಾಳ. ಹವಲ್ಲಿಯ ಅಂಗಡಿಗಳಲ್ಲಿ ವಿಚಾರಿಸುವಾಗ ಎಚ್ಚರವಿರಲಿ: 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಒಂದೇ ಹೆಸರಿನಲ್ಲಿ 8 ಮತ್ತು 16 ಗಿಗಾಬೈಟ್‌ಗಳೆರಡರಲ್ಲಿಯೂ ಮಾರಾಟಕ್ಕೆ ಬಂತು, ಪೆಟ್ಟಿಗೆಯ ಮೇಲಿನ ಸಣ್ಣಕ್ಷರ ಓದಬೇಕು. ಅದೇ ವರ್ಷದ ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5070 ಟಿಐ, ಎರಡೂ 16 ಗಿಗಾಬೈಟಿನವು, ಗೃಹಸ್ಥನ ಕಾಕ್‌ಪಿಟ್ಟಿಗೆ ಧಾರಾಳವಾಯಿತು. ಎಲ್ಲಕ್ಕಿಂತ ಮೇಲಿನ ಆರ್‌ಟಿಎಕ್ಸ್ 5090 ಗರಿಷ್ಠ 575 ವಾಟ್ ವಿದ್ಯುತ್ತನ್ನು ಸೆಳೆಯುತ್ತದೆ. ಅಷ್ಟೂ ಕೊನೆಗೆ ಕೋಣೆಯ ಬಿಸಿಯೇ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾದ ದೇಶದಲ್ಲಿ ಬೇಸಗೆಯ ಮಧ್ಯಾಹ್ನ ಕೋಣೆಗೊಂದು ಒಲೆ ತಂದಿಟ್ಟುಕೊಳ್ಳುವುದನ್ನು ನಾನು ಸಲಹೆ ಮಾಡಲಾರೆ. ಧೂಳಿನ ಜಾಳಿಗೆಗಳನ್ನು ತಿಂಗಳಿಗೊಮ್ಮೆ ತೊಳೆಯಬೇಕು. 2024ರ ಬೇಸಗೆಯಲ್ಲಿ ಇಲ್ಲಿಯೂ ಸರದಿಯ ವಿದ್ಯುತ್ ಕಡಿತವನ್ನು ಕಂಡಿದ್ದೇವೆ; ಒಂದು ಸಣ್ಣ ಯುಪಿಎಸ್‌ಗೆ ಹಣ ಎತ್ತಿಡುವುದು ಜಾಣತನ.

ಕಾರ್ಡಿನ ನಿಜವಾದ ಕರ್ತವ್ಯ ಚಿತ್ರದ ಸೊಗಸಿಗಿಂತ ಅದರ ಸಮಗತಿ. ಕಣ್ಣು "ವಾಲುತ್ತಿದ್ದೇನೆ" ಎನ್ನುವಾಗ ಕಿವಿ "ಕುರ್ಚಿಯಲ್ಲಿ ಕುಳಿತಿದ್ದೇನೆ" ಎನ್ನುತ್ತದೆ. ಈ ಜಗಳದಿಂದಲೇ ಓಕರಿಕೆ, ತಲೆಸುತ್ತು. ಘಾಟಿಯ ಬಸ್ಸಿನಲ್ಲಿ ವಾಂತಿ ಬರುವುದೂ ಇದೇ ಜಗಳದ ಇನ್ನೊಂದು ಮುಖ. ಚಿತ್ರ ತಡವಾಗಿ ಬಂದರೆ, ಮುಗ್ಗರಿಸಿದರೆ, ಜಗಳ ಹೆಚ್ಚುತ್ತದೆ. ಈಗಿನ ಕಾರ್ಡುಗಳು ಎರಡು ಚಿತ್ರಗಳ ನಡುವೆ ಕಲ್ಪಿತ ಚಿತ್ರಗಳನ್ನು ಸೇರಿಸಿ ಸೆಕೆಂಡಿಗೆ ಇಷ್ಟು ಎಂದು ದೊಡ್ಡ ಅಂಕಿ ತೋರಿಸುತ್ತವೆ. ಅದರಿಂದ ಕೈಯಾಡಿಸಿದ್ದಕ್ಕೂ ಚಿತ್ರ ಬದಲಾದುದಕ್ಕೂ ನಡುವಿನ ವಿಳಂಬ ಕಡಮೆಯಾಗುವುದಿಲ್ಲ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿದರೆ ರೋಗಿಯ ಜ್ವರ ಇಳಿದೀತೆ?

ವಿಮಾನಯಾನ ಸಂಸ್ಥೆಗಳ ದೊಡ್ಡ ಸಿಮ್ಯುಲೇಟರುಗಳು ಆರು ಕಾಲುಗಳ ಮೇಲೆ ನಿಂತಿರುತ್ತವೆ. ಷಟ್ಪದಿ ಎಂದೊಡನೆ ನಮಗೆ ಕುಮಾರವ್ಯಾಸ ನೆನಪಾಗುತ್ತಾನೆ; ಇದು ಕಬ್ಬಿಣದ ಷಟ್ಪದಿ. ಓಡುಪಥದ ಮೇಲಿನ ವೇಗೋತ್ಕರ್ಷದ ಅನುಭವವನ್ನು ಅದು ಕೊಡುವುದು ಹೇಗೆಂದರೆ, ಕೋಣೆಯನ್ನೇ ಮೆಲ್ಲನೆ ಹಿಂದಕ್ಕೆ ವಾಲಿಸುತ್ತದೆ. ಹರಳುಗಳಿಗೆ ವಾಲಿಕೆಗೂ ವೇಗಕ್ಕೂ ಭೇದ ತಿಳಿಯದಲ್ಲ, ಚಾಲಕನಿಗೆ ಮುಂದಕ್ಕೆ ನುಗ್ಗಿದಂತೆ ಅನಿಸುತ್ತದೆ. ಬಹ್ರೇನಿನ ಆ ರಾತ್ರಿ ನಡೆದಿರಬಹುದಾದ ವಂಚನೆಯೇ ಇಲ್ಲಿ ತಲೆಕೆಳಗಾಗಿ ಉಪಯೋಗಕ್ಕೆ ಬರುತ್ತಿದೆ. ಆದುದರಿಂದಲೇ ಕೋಟ್ಯಂತರ ರೂಪಾಯಿಯ ಈ ಯಂತ್ರವೂ ನಿಜವಾದ ಆ ಭ್ರಮೆಯನ್ನು ಪೂರ್ಣವಾಗಿ ಮರುಸೃಷ್ಟಿಸಲಾರದು; ಮನೆಯ ಕುರ್ಚಿಯಂತೂ ಸರಿಯೇ ಸರಿ. ಮನೆಯಲ್ಲಿ ಕಲಿಯಬಹುದಾದದ್ದು ಲಿಂಕ್‌ನ ಪೆಟ್ಟಿಗೆಯ ಪಾಠ. ವಾರಕ್ಕೊಮ್ಮೆಯಾದರೂ ತಂತ್ರಾಂಶದ ಹವಾಮಾನವನ್ನು ದಟ್ಟ ಮೋಡಕ್ಕೆ ಇಟ್ಟು, ಹೊರಗೇನೂ ಕಾಣದಂತೆ ಮಾಡಿ, ಮಾಪಕಗಳನ್ನಷ್ಟೇ ನೋಡುತ್ತ ಮಕ್ಕಳು ಅರ್ಧ ಗಂಟೆ ಹಾರಲಿ. ಅದಕ್ಕೆ ಯಾವ ಹಳೆಯ ಕಾರ್ಡಾದರೂ ಆದೀತು.

ಕರಾವಳಿಯ ಬಂಧುಗಳು ಇಲ್ಲಿ ಬಹುಸಂಖ್ಯೆಯಲ್ಲಿದ್ದೀರಿ. ಮಂಗಳೂರಿನ ಬಜ್ಪೆಯ ಮೇಜಿನಂತಹ ಓಡುಪಥಕ್ಕೆ ಇಳಿಯುವುದನ್ನು ನಮ್ಮ ಮಕ್ಕಳು ಪರದೆಯಲ್ಲಿ ಪುನಃ ಪುನಃ ಆಡುವುದನ್ನು ಕಂಡಿದ್ದೇನೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಆ ಪಥದ ಅಂಚನ್ನು ದಾಟಿ ಕಣಿವೆಗೆ ಬಿದ್ದಾಗ 166 ಮಂದಿಯಲ್ಲಿ 8 ಜನ ಮಾತ್ರ ಬದುಕುಳಿದರು. ಪಥ ಕಿರಿದು, ಬೆಟ್ಟ ಕಡಿದು ಎಂದೇ ನಾವು ಮಾತಾಡಿಕೊಂಡೆವು. ತನಿಖೆ ಬೊಟ್ಟು ಮಾಡಿದ್ದು ಬೇರೆಡೆಗೆ: ಎತ್ತರ ಹೆಚ್ಚಾಗಿ, ಇಳಿತ ಅಸ್ಥಿರವಾಗಿದ್ದರೂ ಮುಖ್ಯ ಚಾಲಕರು ಅದನ್ನು ಕೈಬಿಡಲಿಲ್ಲ. ಸಹಚಾಲಕರು ಮತ್ತೆ ಮೇಲೇರುವಂತೆ ಮೂರು ಬಾರಿ ಹೇಳಿದ್ದರು. ಹಾರಾಟದ ಬಹುಭಾಗ ನಿದ್ರಿಸಿ ಎದ್ದ ಮುಖ್ಯ ಚಾಲಕರ ಮಿದುಳು ಇನ್ನೂ ಪೂರ್ಣ ಎಚ್ಚೆತ್ತಿರಲಿಲ್ಲವೆಂಬುದು ಪೂರಕ ಕಾರಣ. ನಿದ್ದೆಯ ಮಂಪರನ್ನು ಯಾವ ಕಾರ್ಡೂ ಚಿತ್ರಿಸಲಾರದು. ಆದರೆ ಇಳಿತ ಕೆಟ್ಟಿತೆಂದು ಕಂಡೊಡನೆ ಮೇಲೇರಿಬಿಡುವ ಅಭ್ಯಾಸವನ್ನು ಮನೆಯಲ್ಲಿಯೇ ರೂಢಿಸಬಹುದು. ಹಿಂದಿನ ಕುರ್ಚಿಯಲ್ಲಿ ಕುಳಿತ ತಂದೆಯೋ ತಾಯಿಯೋ "ಮೇಲೇರು" ಎಂದರೆ ಮರುಮಾತಿಲ್ಲದೆ ಮೇಲೇರಬೇಕೆಂಬ ನಿಯಮವನ್ನು ಆಟದಲ್ಲಿ ಸೇರಿಸಿ ನೋಡಿರಿ. ಅರ್ಧ ತಾಸಿನ ಹಾರಾಟ ಹಾಳಾಯಿತೆಂದು ಮಕ್ಕಳು ಸಿಡುಕುವರು, ಸಿಡುಕಲಿ.

ಕಡೆಗೆ ವೈದ್ಯನ ಕೋರಿಕೆಯೊಂದು. ಮನೆಯ ಸಿಮ್ಯುಲೇಟರಿನ ಗಂಟೆಗಳು ಪೈಲಟ್ ಪರವಾನಗಿಗೆ ಲೆಕ್ಕಕ್ಕೆ ಬರುವುದಿಲ್ಲ. ಭಾರತದಲ್ಲಿ ವೃತ್ತಿಪರ ಪರವಾನಗಿಗೆ ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು, ಅದಕ್ಕೆ ಮೊದಲು ದ್ವಿತೀಯ ದರ್ಜೆಯದು. ಗಂಡುಮಕ್ಕಳಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಕೆಂಪು-ಹಸಿರು ಬಣ್ಣಗಳ ಗುರುತಿನಲ್ಲಿ ಹೆಚ್ಚುಕಡಮೆ ದೋಷವಿರುತ್ತದೆ. ಹಲವರಿಗೆ ಅದು ತಿಳಿದೇ ಇರುವುದಿಲ್ಲ. ಬಣ್ಣದ ಚುಕ್ಕಿಗಳ ಪುಸ್ತಕವನ್ನು ಓದಿಸುವ ಆ ಪರೀಕ್ಷೆ ಯಾವ ಕಣ್ಣಿನ ವೈದ್ಯರಲ್ಲಿಯೂ ಐದು ನಿಮಿಷದ ಕೆಲಸ. ಮುಂದಿನ ರಜೆಗೆ ಊರಿಗೆ ಹೋದಾಗ, ಅಥವಾ ಈ ವಾರವೇ ಇಲ್ಲಿ, ಅದನ್ನು ಮಾಡಿಸಿರಿ. ಕಾರ್ಡಿನ ಅಂಗಡಿಗೆ ಆಮೇಲೆ ಹೋಗಬಹುದು.